ಸಂಬಂಧಗಳ ಆರೋಗ್ಯ, ಆರೋಗ್ಯಕ್ಕೆ ಸಂಬಂಧ

'ಆರೋಗ್ಯವೇ ಭಾಗ್ಯ' ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ನಾವೂ ಆರೋಗ್ಯದ ಬಗ್ಗೆ ಕಾಳಜಿ ಇಲ್ಲದವರೇನಲ್ಲ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತೇವೆ. ಕೊಲೆಸ್ಟರಾಲ್, ಸಕ್ಕರೆ, ರಕ್ತದೊತ್ತಡಗಳ ಅಂಕಿಗಳನ್ನು ಬಾಯಿಪಾಠ ಒಪ್ಪಿಸುತ್ತೇವೆ. ಬಿಸಿಲು ಸಾಲದ ಊರೆಂದು ವಿಟಮಿನ್ ಡಿ ಗುಳಿಗೆ ನುಂಗುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ವೈದ್ಯರೂ ಸಾಮಾನ್ಯವಾಗಿ ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ: ಮಧ್ಯರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಮಲಗಿರುವ ಮಕ್ಕಳನ್ನು ನೋಡಿಕೊಳ್ಳಿ ಎಂದು ಸಂಕೋಚವಿಲ್ಲದೆ ಫೋನ್ ಮಾಡಿ ಎಬ್ಬಿಸಬಹುದಾದ ಮನೆಗಳು ಈ ಊರಿನಲ್ಲಿ ನಮಗೆ ಎಷ್ಟಿವೆ?

ಫೋನಿನಲ್ಲಿ ಮುನ್ನೂರು ಹೆಸರುಗಳಿರಬಹುದು. ಯುಗಾದಿ, ಗಣೇಶ ಹಬ್ಬ, ರಾಜ್ಯೋತ್ಸವಗಳಲ್ಲಿ ಕೈಕುಲುಕುವವರು ನೂರಾರು ಜನರಿರಬಹುದು. ಆದರೂ ಈ ಪ್ರಶ್ನೆಗೆ ಉತ್ತರ ಹೇಳಲು ನಮ್ಮಲ್ಲಿ ಅನೇಕರು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ. ಪರಿಚಯ ಬೇರೆ, ಸಂಬಂಧ ಬೇರೆ. ಸಂಬಂಧಗಳಿಗೂ ದೇಹದ ಆರೋಗ್ಯಕ್ಕೂ ಇರುವ ನಂಟೇನು, ನಮ್ಮ ಊರಿನಲ್ಲಿ ಅವು ಬೆಳೆಯುವುದು ಏಕೆ ಕಷ್ಟ, ಬೆಳೆಸುವುದು ಹೇಗೆ ಎಂಬುದನ್ನು ತಿಳಿದುಕೊಳ್ಳುವುದೇ ಈ ಲೇಖನದ ಉದ್ದೇಶ.

ಮಂಡ್ಯ ಮೂಲದ ವೈದ್ಯರ ಎಚ್ಚರಿಕೆ

ಅಮೆರಿಕದ ಸರ್ಜನ್ ಜನರಲ್ ಎಂದರೆ ಇಡೀ ದೇಶದ ಜನರಿಗೆ ಆರೋಗ್ಯದ ವಿಷಯದಲ್ಲಿ ತಿಳಿವಳಿಕೆ ಹೇಳುವ ಹಿರಿಯ ವೈದ್ಯಾಧಿಕಾರಿ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು 1964ರಲ್ಲಿ ದೇಶಕ್ಕೆ ಸಾರಿದ್ದು ಇದೇ ಕಚೇರಿ. 2014ರಿಂದ 2017ರವರೆಗೆ, ಮತ್ತೆ 2021ರಿಂದ 2025ರ ಜನವರಿಯವರೆಗೆ ಆ ಸ್ಥಾನದಲ್ಲಿದ್ದವರು ಡಾ. ವಿವೇಕ್ ಮೂರ್ತಿ. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಮಯಾಮಿಯಲ್ಲಿ. ಆದರೆ ಅವರ ಮನೆತನದ ಬೇರು ಇರುವುದು ಮಂಡ್ಯ ಜಿಲ್ಲೆಯ ಹಲ್ಲೇಗೆರೆಯಲ್ಲಿ ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ.

2023ರ ಮೇ ತಿಂಗಳಲ್ಲಿ ಅವರು ಒಂಟಿತನದ ಬಗ್ಗೆಯೇ ಒಂದು ಅಧಿಕೃತ ಎಚ್ಚರಿಕೆಯ ವರದಿ ಹೊರಡಿಸಿದರು. ಕೋವಿಡ್ ಬರುವುದಕ್ಕೂ ಮೊದಲೇ ಅಮೆರಿಕದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಒಂಟಿತನ ಅನುಭವಿಸುತ್ತಿದ್ದರು ಎನ್ನುತ್ತದೆ ಆ ವರದಿ. ಜನಸಂಪರ್ಕ ಕಡಿಮೆಯಿರುವವರಲ್ಲಿ ಹೃದ್ರೋಗದ ಸಾಧ್ಯತೆ ಶೇಕಡಾ 29, ಪಾರ್ಶ್ವವಾಯುವಿನ ಸಾಧ್ಯತೆ ಶೇಕಡಾ 32 ಹೆಚ್ಚು. ಅಕಾಲ ಮರಣದ ಲೆಕ್ಕದಲ್ಲಿ ಇದು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲುವಷ್ಟು ಅಪಾಯಕಾರಿ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯೂ ಈ ವಿಷಯಕ್ಕೆ ಒಂದು ಆಯೋಗವನ್ನು ನೇಮಿಸಿತು. ಅದರ ಇಬ್ಬರು ಸಹ ಅಧ್ಯಕ್ಷರಲ್ಲಿ ಡಾ. ಮೂರ್ತಿಯವರೂ ಒಬ್ಬರು. 2025ರ ಜೂನ್‌ನಲ್ಲಿ ಹೊರಬಂದ ಆಯೋಗದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಇದರ ನಂಟಿದೆ.

ಸಿಗರೇಟು ಸೇದುವವರನ್ನು ನೋಡಿದರೆ ಬುದ್ಧಿ ಹೇಳುವ ನಾವು, ಪಕ್ಕದ ಮನೆಯವರು ತಿಂಗಳುಗಟ್ಟಲೆ ಯಾರೊಡನೆಯೂ ಮನಬಿಚ್ಚಿ ಮಾತನಾಡಿಲ್ಲವೆಂದರೆ 'ಅವರು ಸ್ವಲ್ಪ ರಿಸರ್ವ್' ಎಂದು ಸುಮ್ಮನಾಗುತ್ತೇವೆ!

ಮನಸ್ಸಿನ ನೋವು ದೇಹಕ್ಕೆ ಹೇಗೆ ತಟ್ಟುತ್ತದೆ?

ಹಸಿವು ಊಟ ಬೇಕೆಂದು ದೇಹ ಕೊಡುವ ಸೂಚನೆ. ಬಾಯಾರಿಕೆ ನೀರು ಬೇಕೆಂಬ ಸೂಚನೆ. ಒಂಟಿತನವೂ ಅಂಥದ್ದೇ ಒಂದು ಸೂಚನೆ ಎಂದು ವಿವರಿಸಿದವರು ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕಸಿಯೊಪ್ಪೊ. ಕಾಡಿನಲ್ಲಿ ಗುಂಪು ತಪ್ಪಿದ ಮನುಷ್ಯ ಎಚ್ಚರದಿಂದಿರಬೇಕಿತ್ತು; ನಿದ್ದೆ ಹಗುರವಾಗಬೇಕಿತ್ತು. ಇಂದು ಕಾಡಿಲ್ಲದಿದ್ದರೂ ದೇಹ ಅದೇ ಹಳೆಯ ಪಾಠವನ್ನು ಪಾಲಿಸುತ್ತದೆ. ಒತ್ತಡದ ಹಾರ್ಮೋನುಗಳು ಹೆಚ್ಚುತ್ತವೆ, ನಿದ್ದೆ ಕೆಡುತ್ತದೆ. ಈ ಸ್ಥಿತಿ ವರ್ಷಗಟ್ಟಲೆ ಮುಂದುವರಿದರೆ ಹೃದಯ ಮತ್ತು ರಕ್ತನಾಳಗಳಿಗೆ ಪೆಟ್ಟು ಬೀಳುತ್ತದೆ.

ಇದಕ್ಕೆ ವಿರುದ್ಧವಾಗಿ, ನಂಬಿಕೆಯ ಕೈಯೊಂದು ಜೊತೆಗಿದ್ದರೆ ಏನಾಗುತ್ತದೆ? ವರ್ಜೀನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕೋನ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ವಿವಾಹಿತ ಮಹಿಳೆಯರಿಗೆ ಸಣ್ಣ ವಿದ್ಯುತ್ ಆಘಾತವಾಗಲಿದೆ ಎಂದು ಸೂಚಿಸಿ, ಅವರ ಮೆದುಳಿನ ಚಿತ್ರ ತೆಗೆಯಲಾಯಿತು. ಗಂಡನ ಕೈ ಹಿಡಿದಾಗ ಭಯಕ್ಕೆ ಸಂಬಂಧಿಸಿದ ಮೆದುಳಿನ ಚಟುವಟಿಕೆ ಇಳಿಯಿತು. ದಾಂಪತ್ಯ ಚೆನ್ನಾಗಿದ್ದವರಲ್ಲಿ ಇನ್ನಷ್ಟು ಇಳಿಯಿತು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶೆಲ್ಡನ್ ಕೋಹೆನ್ 1997ರಲ್ಲಿ ಇನ್ನೂ ಸ್ವಾರಸ್ಯಕರವಾದ ಸಂಗತಿಯನ್ನು ತೋರಿಸಿದರು. 276 ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಇದ್ದ ಹನಿ ಬಿಟ್ಟು, ಯಾರಿಗೆ ನೆಗಡಿ ಬರುತ್ತದೆಂದು ಕಾದು ನೋಡಿದರು. ಆರು ಅಥವಾ ಹೆಚ್ಚು ಬಗೆಯ ಸಂಬಂಧಗಳಿದ್ದವರಿಗೆ ಹೋಲಿಸಿದರೆ, ಒಂದರಿಂದ ಮೂರು ಬಗೆಯ ಸಂಬಂಧಗಳಷ್ಟೇ ಇದ್ದವರಿಗೆ ನೆಗಡಿ ಬರುವ ಸಾಧ್ಯತೆ ನಾಲ್ಕು ಪಟ್ಟಿಗಿಂತ ಹೆಚ್ಚಿತ್ತು. ಇಲ್ಲಿ 'ಬಗೆ' ಎಂಬ ಪದವನ್ನು ಗಮನಿಸಬೇಕು. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಗೆಳೆಯರು, ನೆರೆಹೊರೆ, ಸಹೋದ್ಯೋಗಿಗಳು, ದೇವಸ್ಥಾನ ಅಥವಾ ಸಂಘ ಸಂಸ್ಥೆಯವರು, ಹೀಗೆ. ಇಪ್ಪತ್ತು ಸಹೋದ್ಯೋಗಿಗಳಿದ್ದರೂ ಅದು ಒಂದೇ ಬಗೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನವಂತೂ 1938ರಲ್ಲಿ ಆರಂಭವಾದದ್ದು. ಹಾರ್ವರ್ಡಿನ 268 ವಿದ್ಯಾರ್ಥಿಗಳು ಮತ್ತು ಬಾಸ್ಟನ್ನಿನ ಬಡ ಬಡಾವಣೆಗಳ 456 ಹುಡುಗರ ಇಡೀ ಬದುಕನ್ನು ತಲೆಮಾರುಗಳ ಸಂಶೋಧಕರು ಹಿಂಬಾಲಿಸಿದ್ದಾರೆ. ಎಂಬತ್ತನೇ ವಯಸ್ಸಿನಲ್ಲಿ ಯಾರು ಆರೋಗ್ಯವಾಗಿರುತ್ತಾರೆ ಎಂಬುದನ್ನು ಐವತ್ತನೇ ವಯಸ್ಸಿನ ಕೊಲೆಸ್ಟರಾಲ್ ಮಟ್ಟಕ್ಕಿಂತ ಚೆನ್ನಾಗಿ ಸೂಚಿಸಿದ್ದು, ಆ ವಯಸ್ಸಿನಲ್ಲಿ ಅವರಿಗೆ ತಮ್ಮ ಸಂಬಂಧಗಳ ಬಗ್ಗೆ ಎಷ್ಟು ತೃಪ್ತಿಯಿತ್ತು ಎಂಬ ಅಂಶ.

ಹಾಗೆಂದು ಸಂಬಂಧ ಇದ್ದರೆ ಸಾಕೇ? ಸಾಲದು. ಓಹಾಯೋದಲ್ಲಿ 42 ದಂಪತಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೋಳಿನ ಮೇಲೆ ಮಾಡಿದ ಚಿಕ್ಕ ಗಾಯಗಳು ಕಹಿಯಾಗಿ ಜಗಳವಾಡುವ ದಂಪತಿಗಳಲ್ಲಿ ನಿಧಾನವಾಗಿ ಮಾದವು. ಸಂಬಂಧದ ಸಂಖ್ಯೆಯಷ್ಟೇ ಅದರ ಗುಣವೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಊರಿನ ಚಳಿ

ಸಿಯಾಟಲ್ ಜನ ನಗುತ್ತಾರೆ, ಬಾಗಿಲು ಹಿಡಿದು ನಿಲ್ಲುತ್ತಾರೆ, ಆದರೆ ಮನೆಗೆ ಕರೆಯುವುದಿಲ್ಲ ಎಂಬ ದೂರು ಹಳೆಯದು. 2005ರಲ್ಲಿ 'ಸಿಯಾಟಲ್ ಟೈಮ್ಸ್' ಪತ್ರಿಕೆ ಇದರ ಬಗ್ಗೆ ದೊಡ್ಡ ಲೇಖನ ಬರೆದ ಮೇಲೆ 'ಸಿಯಾಟಲ್ ಫ್ರೀಜ್' ಎಂಬ ಹೆಸರು ಎಲ್ಲರ ಬಾಯಿಗೂ ಬಂತು. ಇದರ ಜೊತೆಗೆ ಹವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ; ಹಗಲು ಎಂಟೂವರೆ ಗಂಟೆಯೂ ಇರುವುದಿಲ್ಲ. ಗ್ಯಾರೇಜ್ ಬಾಗಿಲು ಏಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ನಮ್ಮ ಊರುಗಳಲ್ಲಿ ಮನೆಮುಂದಿನ ಜಗಲಿ, ಅರಳಿಕಟ್ಟೆ, ಹಾಲಿನ ಬೂತು, ಹೆಪ್ಪು ಕೇಳಲು ಬರುವ ಪಕ್ಕದ ಮನೆಯವರು ತಾವಾಗಿಯೇ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಾರೂ ಮಾಡುವುದಿಲ್ಲ. ಅಲ್ಲಿ ಸಂಬಂಧ ತಾನಾಗಿ ಬೆಳೆಯುತ್ತಿತ್ತು. ಇಲ್ಲಿ ಬೆಳೆಸಬೇಕು.

ನಮ್ಮ ಸಮುದಾಯದಲ್ಲಿ ಮೂರು ಬಗೆಯವರಿಗೆ ಈ ಚಳಿ ಹೆಚ್ಚು ತಟ್ಟುತ್ತದೆ.

ಮೊದಲನೆಯವರು, ಮದುವೆಯಾಗಿ ಎಚ್-4 ವೀಸಾದಲ್ಲಿ ಬರುವವರು. ಇವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2015ರ ಮೇ ತಿಂಗಳಿಂದ, ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಕೆಲಸದ ಅನುಮತಿ ಸಿಗತೊಡಗಿತಾದರೂ, ಹೊಸದಾಗಿ ಬಂದವರಿಗೆ ಆ ಹಂತ ದೂರ. ಇದೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವೈದ್ಯ ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಜೊತೆಗೂಡಿ 1967ರಲ್ಲಿ ಬದುಕಿನ ಬದಲಾವಣೆಗಳಿಗೆ ಅಂಕ ಕೊಟ್ಟ ಒಂದು ಪಟ್ಟಿ ಪ್ರಕಟಿಸಿದ್ದರು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಬದಲಾವಣೆ ಎಂದರೆ ಒತ್ತಡ ಎಂಬುದು ಅದರ ತತ್ವ. ಮದುವೆಗೆ 50, ಹೆಂಡತಿ ಕೆಲಸ ಬಿಟ್ಟರೆ 26, ಜೀವನ ಪರಿಸ್ಥಿತಿ ಬದಲಾದರೆ 25, ಮನೆ ಬದಲಾದರೆ 20, ಒಡನಾಟ ಬದಲಾದರೆ 18, ಊಟದ ಅಭ್ಯಾಸ ಬದಲಾದರೆ 15. ಕೂಡಿಸಿ ನೋಡಿ, 154. ಒಂದು ವರ್ಷದಲ್ಲಿ 150 ದಾಟಿದರೆ ಕಾಯಿಲೆ ಬೀಳುವ ಸಾಧ್ಯತೆ ಹೆಚ್ಚು ಎನ್ನುತ್ತದೆ ಆ ಪಟ್ಟಿ. ಬೆಂಗಳೂರಿನಲ್ಲಿ ಕೆಲಸ ಬಿಟ್ಟು, ಮದುವೆಯಾಗಿ, ರೆಡ್ಮಂಡಿನ ಅಪಾರ್ಟ್‌ಮೆಂಟಿನಲ್ಲಿ ನವೆಂಬರ್ ತಿಂಗಳಿನಲ್ಲಿ ಬಂದಿಳಿಯುವ ಹುಡುಗಿ ಏನೂ 'ಕಷ್ಟ' ಎದುರಾಗದೆಯೇ ಆ ಗಡಿ ದಾಟಿರುತ್ತಾಳೆ.

ಎರಡನೆಯವರು, ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರು. ಊರಿನಲ್ಲಿ ಸೊಪ್ಪಿನವಳಿಂದ ಹಿಡಿದು ದೇವಸ್ಥಾನದ ಅರ್ಚಕರವರೆಗೆ ದಿನಕ್ಕೆ ಇಪ್ಪತ್ತು ಜನರೊಡನೆ ಮಾತನಾಡುತ್ತಿದ್ದವರು, ಇಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಗ ಸೊಸೆಯ ದಾರಿ ಕಾಯುತ್ತಾರೆ. ಮನೆ ದೊಡ್ಡದು, ತಿಂಡಿಗೆ ಕೊರತೆಯಿಲ್ಲ, ಆದರೆ ಕಾರು ಓಡಿಸಲಾರರು. ಹೊರಗೆ ಮಳೆ.

ಮೂರನೆಯವರು, ಕೆಲಸ ಕಳೆದುಕೊಂಡವರು. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಹುದ್ದೆಗಳ ಕಡಿತ ಘೋಷಿಸಿದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. ಎಚ್-1ಬಿ ವೀಸಾದವರಿಗೆ ಬೇರೆ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಆಗ ಬೇಕಾಗುವುದು ಹೊಸ ಕೆಲಸದ ಸುಳಿವಷ್ಟೇ ಅಲ್ಲ, ಸಂಕೋಚವಿಲ್ಲದೆ 'ಹೀಗಾಯ್ತು' ಎಂದು ಹೇಳಿಕೊಳ್ಳಬಹುದಾದ ಒಬ್ಬ ಮನುಷ್ಯ. ಎಲ್ಲ ಗೆಳೆತನವೂ ಕಚೇರಿಯಲ್ಲೇ ಇದ್ದವರಿಗೆ ಬ್ಯಾಡ್ಜ್ ಹೋದ ದಿನವೇ ಗೆಳೆಯರೂ ಹೋಗುತ್ತಾರೆ. ಕೋಹೆನ್ ಅವರ 'ಬಗೆ'ಗಳ ಲೆಕ್ಕ ಎಷ್ಟು ಮುಖ್ಯ ಎಂಬುದು ಇಲ್ಲಿ ಅರ್ಥವಾಗುತ್ತದೆ.

ನಮ್ಮ ಊರಿನದೇ ಮದ್ದು

ರೋಗವಿರುವಲ್ಲಿ ಮದ್ದೂ ಇದೆ. ದಾಂಪತ್ಯದ ಬಗ್ಗೆ ಜಗತ್ತಿನಲ್ಲೇ ಹೆಸರಾದ ಸಂಶೋಧನೆ ನಡೆದದ್ದು ಸಿಯಾಟಲ್‌ನಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಜಾನ್ ಗಾಟ್‌ಮನ್ ಆರಂಭಿಸಿದ ಪ್ರಯೋಗಾಲಯಕ್ಕೆ 'ಲವ್ ಲ್ಯಾಬ್' ಎಂಬ ಹೆಸರೇ ಬಿತ್ತು. ಮನೆಯಂತೆಯೇ ಸಜ್ಜಾದ ಕೋಣೆಯಲ್ಲಿ ದಂಪತಿಗಳನ್ನು ಇರಿಸಿ, ಅವರ ಮಾತು, ಮುಖಭಾವಗಳನ್ನೆಲ್ಲ ಕ್ಯಾಮೆರಾದಲ್ಲಿ ಸೆರೆಹಿಡಿದು ಅಧ್ಯಯನ ಮಾಡಿದರು.

ಅವರು ಕಂಡುಕೊಂಡ ದೊಡ್ಡ ಸತ್ಯ ಬಹಳ ಚಿಕ್ಕದು. ದಿನವಿಡೀ ನಾವು ಒಬ್ಬರಿಗೊಬ್ಬರು ಸಣ್ಣ ಸಣ್ಣ ಕರೆ ಕೊಡುತ್ತಿರುತ್ತೇವೆ. 'ರೀ, ಇಲ್ಲಿ ನೋಡಿ, ಮೋಡ ಸರಿದು ಮೌಂಟ್ ರೇನಿಯರ್ ಎಷ್ಟು ಚೆನ್ನಾಗಿ ಕಾಣಿಸ್ತಿದೆ' ಎಂದು ಹೆಂಡತಿ ಹೇಳಿದರೆ ಅದು ಬೆಟ್ಟದ ವರ್ತಮಾನವಲ್ಲ, 'ನನ್ನ ಜೊತೆ ಒಂದು ನಿಮಿಷ ಇರಿ' ಎಂಬ ಕರೆ. ಗಂಡ ತಲೆಯೆತ್ತಿ 'ಹೌದಲ್ಲ!' ಎನ್ನಬಹುದು. ಫೋನಿನಲ್ಲೇ ಕಣ್ಣಿಟ್ಟು 'ಹ್ಞೂಂ' ಎನ್ನಬಹುದು. 'ಮೀಟಿಂಗ್ ಇದೆ, ಗೊತ್ತಾಗಲ್ವಾ?' ಎಂದು ಸಿಡುಕಬಹುದು. ಹೊಸದಾಗಿ ಮದುವೆಯಾದವರನ್ನು ಆರು ವರ್ಷಗಳ ನಂತರ ಮತ್ತೆ ನೋಡಿದಾಗ, ಒಟ್ಟಿಗೆ ಉಳಿದಿದ್ದವರು ಇಂಥ ಕರೆಗಳಲ್ಲಿ ಶೇಕಡಾ 86ಕ್ಕೆ ಓಗೊಟ್ಟಿದ್ದರು. ಬೇರೆಯಾಗಿದ್ದವರು ಶೇಕಡಾ 33ಕ್ಕೆ ಮಾತ್ರ. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ, ಕಳಿಸಿದ ಸಂದೇಶಕ್ಕೆ 'ತಲುಪಿತು' ಎಂಬ ಮರುಸೂಚನೆ ಬಾರದಿದ್ದರೆ ಒಂದಷ್ಟು ಸಲ ಮತ್ತೆ ಕಳಿಸಿ, ಕೊನೆಗೆ ಸಂಪರ್ಕವೇ ಕಡಿದುಹೋಗುತ್ತದೆ.

ಜಗಳವೇ ಇರಬಾರದೆಂದು ಗಾಟ್‌ಮನ್ ಹೇಳುವುದಿಲ್ಲ. ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಶೇಕಡಾ 69ರಷ್ಟು ಎಂದೂ ಬಗೆಹರಿಯದಂಥವು, ಸುಖವಾಗಿರುವವರಲ್ಲೂ ಅಷ್ಟೇ. ಆದರೆ ಗಟ್ಟಿ ದಾಂಪತ್ಯದಲ್ಲಿ ವಾದದ ನಡುವೆಯೂ ಒಂದು ಕಹಿ ಮಾತಿಗೆ ಐದು ಒಳ್ಳೆಯ ಮಾತು, ನಗೆ, ಸ್ಪರ್ಶಗಳು ಬರುತ್ತವೆ. ದಾಂಪತ್ಯ ಕೆಡಿಸುವ ನಾಲ್ಕು ಅಭ್ಯಾಸಗಳನ್ನೂ ಅವರು ಗುರುತಿಸಿದರು: ವ್ಯಕ್ತಿಯನ್ನೇ ದೂರುವುದು, ತಿರಸ್ಕಾರ, ತನ್ನದೇನೂ ತಪ್ಪಿಲ್ಲವೆಂಬ ಸಮರ್ಥನೆ, ಮತ್ತು ಮಾತು ಬಿಟ್ಟು ಗೋಡೆಯಂತಾಗುವುದು. ಎಲ್ಲಕ್ಕಿಂತ ಕೆಟ್ಟದ್ದು ತಿರಸ್ಕಾರ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ನಮ್ಮ ಗಾದೆಯಲ್ಲಿ ಜಗಳಕ್ಕೂ ಜಾಗವಿದೆ, ರಾಜಿಗೂ ಗಡುವಿದೆ.

ಗೆಳೆತನಕ್ಕೆ ಗಂಟೆಗಳ ಲೆಕ್ಕ

ಗೆಳೆತನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದಂತೆ, ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯರಾಗಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹರಟೆ, ಊಟ, ಆಟದ ಗಂಟೆಗಳು ಬರುತ್ತವೆ.

ಈಗ ನಮ್ಮ ಲೆಕ್ಕ ನೋಡೋಣ. ವರ್ಷಕ್ಕೆ ನಾಲ್ಕು ಹಬ್ಬದ ಕಾರ್ಯಕ್ರಮ, ಒಂದೊಂದು ನಾಲ್ಕು ಗಂಟೆ, ಒಟ್ಟು 16 ಗಂಟೆ. ಅದೂ ಐನೂರು ಜನರ ನಡುವೆ, ಮೈಕಿನ ಸದ್ದಿನಲ್ಲಿ. ಅದೇ ರಾಜ್ಯೋತ್ಸವದ ನಾಟಕಕ್ಕೆ ಹನ್ನೆರಡು ವಾರ, ವಾರಕ್ಕೆ ನಾಲ್ಕು ಗಂಟೆ ತಾಲೀಮು ನಡೆಸಿದರೆ 48 ಗಂಟೆ. ನಾಟಕ ಮಾಡಿದವರು ಗೆಳೆಯರಾಗುತ್ತಾರೆ, ನೋಡಿದವರು ಪರಿಚಿತರಾಗಿಯೇ ಉಳಿಯುತ್ತಾರೆ ಎಂಬುದರ ಗುಟ್ಟು ಇದೇ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ನಾವು ಮಾಡಬಹುದಾದದ್ದೇನು?

1. 'ಒಮ್ಮೆ ಮನೆಗೆ ಬನ್ನಿ' ಎನ್ನುವುದನ್ನು ಬಿಟ್ಟು, 'ಬರುವ ಶನಿವಾರ ಸಂಜೆ ಐದಕ್ಕೆ ಕಾಫಿಗೆ ಬನ್ನಿ' ಎನ್ನೋಣ. ಹನ್ನೆರಡು ಬಗೆಯ ಅಡುಗೆ ಮಾಡಬೇಕೆಂಬ ಹಟವೇ ಎಷ್ಟೋ ಆಹ್ವಾನಗಳನ್ನು ನುಂಗಿಹಾಕುತ್ತದೆ. ಉಪ್ಪಿಟ್ಟು, ಕಾಫಿ ಸಾಕು.

2. ಒಂದು ಭೇಟಿಗೆ ಖಾಯಂ ದಿನ ಗೊತ್ತುಮಾಡೋಣ. ಮೇರಿಮೂರ್ ಪಾರ್ಕಿನಲ್ಲಿ ಭಾನುವಾರದ ನಡಿಗೆಯಾಗಲಿ, ಗುರುವಾರದ ಬ್ಯಾಡ್ಮಿಂಟನ್ ಆಗಲಿ, ತಿಂಗಳಿಗೊಮ್ಮೆ ಕನ್ನಡ ಪುಸ್ತಕ ಓದುವ ಕೂಟವಾಗಲಿ. ಮಳೆ ಬಂದರೂ ತಪ್ಪಿಸಬಾರದು. ಇಲ್ಲಿ ಮಳೆಗೆ ಕಾದರೆ ಜೂನ್ ತಿಂಗಳೇ ಬರಬೇಕು.

3. ಮನೆಯಲ್ಲಿ ದಿನಕ್ಕೆ ಒಂದು ಊಟವಾದರೂ ಫೋನು, ಟಿವಿ ಇಲ್ಲದೆ ಆಗಲಿ. ಮಕ್ಕಳು ಹೇಳುವ ವಿಡಿಯೋ ಗೇಮಿನ ಕಥೆಯೂ ಒಂದು ಕರೆಯೇ. ಇಂದು ಅದಕ್ಕೆ ಓಗೊಡದಿದ್ದರೆ ಹದಿನಾರನೇ ವಯಸ್ಸಿನಲ್ಲಿ ಮುಖ್ಯವಾದ ಕಥೆಯನ್ನು ಅವರು ಹೇಳುವುದಿಲ್ಲ.

4. ಊರಿಗೆ ಮಾಡುವ ಫೋನಿಗೂ ಗೊತ್ತಾದ ಹೊತ್ತಿರಲಿ. ಚಳಿಗಾಲದಲ್ಲಿ ಭಾರತ ನಮಗಿಂತ ಹದಿಮೂರೂವರೆ ಗಂಟೆ ಮುಂದೆ. ಇಲ್ಲಿ ಶನಿವಾರ ರಾತ್ರಿ ಎಂಟಾದರೆ ಅಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ತಿಂಡಿ ಮುಗಿಸಿ ಕಾಯುತ್ತಿರುತ್ತಾರೆ.

5. ಅಪ್ಪ ಅಮ್ಮ ಬರುವ ಮೊದಲೇ, ಅದೇ ಸಮಯಕ್ಕೆ ಬರಲಿರುವ ಬೇರೆ ಹಿರಿಯರು ಯಾರೆಂದು ವಿಚಾರಿಸೋಣ. ವಾರಕ್ಕೆರಡು ದಿನ ಒಬ್ಬರು ಕಾರಿನಲ್ಲಿ ನಾಲ್ಕು ಮನೆಯ ಹಿರಿಯರನ್ನು ಬಾಥೆಲ್‌ನ ದೇವಸ್ಥಾನಕ್ಕೋ ಗ್ರಂಥಾಲಯಕ್ಕೋ ಕರೆದೊಯ್ದರೆ ಎಲ್ಲರ ಆರು ತಿಂಗಳೂ ಹಗುರವಾಗುತ್ತದೆ.

6. ಕನ್ನಡ ಬಾರದ ನೆರೆಯವರನ್ನೂ ಮರೆಯದಿರೋಣ. ಸಂಕ್ರಾಂತಿಗೆ ಎಳ್ಳು ಬೀರುವ ಪದ್ಧತಿ ನಮ್ಮದು. ಒಂದು ಪೊಟ್ಟಣ ಎಳ್ಳು ಬೆಲ್ಲ ಹಿಡಿದು ಎದುರು ಮನೆಯ ಬಾಗಿಲು ತಟ್ಟಲು ಇದಕ್ಕಿಂತ ಒಳ್ಳೆಯ ನೆಪ ಸಿಯಾಟಲ್‌ನಲ್ಲಿ ಬೇರೆಯಿಲ್ಲ.

ಹೊಂದಿಕೊಳ್ಳಬಾರದ ಜಾಗ

ಇಷ್ಟೆಲ್ಲ ಹೇಳುವಾಗ ಒಂದು ಎಚ್ಚರಿಕೆ ಅಗತ್ಯ. ಆರೋಗ್ಯಕರ ಸಂಬಂಧದಲ್ಲಿ ಭಯಕ್ಕೆ ಜಾಗವಿಲ್ಲ. ಹೊಡೆತ, ಬೆದರಿಕೆ, ಪಾಸ್‌ಪೋರ್ಟ್ ಅಥವಾ ಹಣ ಕಿತ್ತಿಟ್ಟುಕೊಳ್ಳುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ಇವು ಸಂಸಾರದ ಸಣ್ಣಪುಟ್ಟ ಜಗಳಗಳಲ್ಲ. 'ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಎಂಬ ಉಪದೇಶ ಅಲ್ಲಿ ಸಲ್ಲದು. ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿ 1996ರಲ್ಲಿ ಸಿಯಾಟಲ್‌ನಲ್ಲೇ ಹುಟ್ಟಿದ 'ಛಾಯಾ' ಸಂಸ್ಥೆ, 2011ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಸೇರಿ 'ಎಪಿಐ ಛಾಯಾ' ಆಗಿದೆ. ಇಂಥ ತೊಂದರೆಯಲ್ಲಿರುವವರ ನೆರವಿಗೆಂದೇ ಇರುವ ಸಂಸ್ಥೆಯಿದು. ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಸಿದಾಗ ದೇಶದ ಯಾವ ಮೂಲೆಯಿಂದಲಾದರೂ, ಯಾವ ಹೊತ್ತಿನಲ್ಲಾದರೂ 988 ಸಂಖ್ಯೆಗೆ ಕರೆ ಮಾಡಬಹುದು. ಸಕ್ಕರೆ ಕಾಯಿಲೆಗೆ ವೈದ್ಯರನ್ನು ಕಾಣಲು ನಾಚದ ನಾವು ಮನಸ್ಸಿನ ನೋವಿಗೆ ಸಲಹೆ ಪಡೆಯಲು ನಾಚಬೇಕಾಗಿಲ್ಲ.

ಕೊನೆಯ ಮಾತು

ಈ ಸ್ಮರಣ ಸಂಚಿಕೆ ನಿಮ್ಮ ಕೈಸೇರುವುದು ನಮ್ಮ ನಿಧಿ ಸಂಗ್ರಹದ ಸಂಜೆ. ನಿಮ್ಮ ಉದಾರ ದೇಣಿಗೆ ಅಗತ್ಯವಿರುವವರನ್ನು ತಲುಪುತ್ತದೆ. ಅದಕ್ಕೆ ನಾವು ಕೃತಜ್ಞರು. ಆದರೆ ಚೆಕ್ಕಿನ ಜೊತೆಗೆ ಇನ್ನೊಂದನ್ನೂ ಕೇಳುತ್ತೇವೆ: ನಿಮ್ಮ ಕೆಲವು ಗಂಟೆಗಳನ್ನು. ಊಟ ಬಡಿಸಲು, ಟಿಕೆಟ್ ನೋಡಲು, ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚಿಡಲು ಪ್ರತಿ ವರ್ಷವೂ ಕೈಗಳು ಸಾಲವು. ಹೊಸದಾಗಿ ಬಂದವರು, ಕೆಲಸ ಹುಡುಕುತ್ತಿರುವವರು, ಊರಿಂದ ಬಂದಿರುವ ಹಿರಿಯರು, ಎಲ್ಲರಿಗೂ ಇಲ್ಲಿ ಕೆಲಸವಿದೆ. ಕುರ್ಚಿ ಮಡಚಿಟ್ಟು, ಉಳಿದ ಪುಳಿಯೋಗರೆಯನ್ನು ಒಟ್ಟಿಗೆ ಕುಳಿತು ತಿನ್ನುತ್ತಾ ಹರಟುವ ಗಂಟೆಗಳು ಜೆಫ್ರಿ ಹಾಲ್ ಅವರ ಲೆಕ್ಕಕ್ಕೆ ಖಂಡಿತ ಸೇರುತ್ತವೆ.

ಇಂದು ನಿಮ್ಮ ಪಕ್ಕದ ಕುರ್ಚಿಯಲ್ಲಿ ಗುರುತಿಲ್ಲದವರು ಕುಳಿತಿದ್ದರೆ ಹೆಸರು ಕೇಳಿ, ಯಾವ ಊರೆಂದು ವಿಚಾರಿಸಿ, ಮುಂದಿನ ಶನಿವಾರ ಬಿಡುವಿದೆಯೇ ಎಂದು ಕೇಳಿ. ಎಲ್ಲರಿಗೂ ಶುಭವಾಗಲಿ.